ಮುಟ್ಟದ ಸಾಲಿನ ಹುಳಿ

ಬೂಚು ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಅಡರಿತು. ಹುಣಸೆಯದಲ್ಲ, ನಿಂಬೆಯದೂ ಅಲ್ಲ. ಚಳಿಗಾಲದ ಮುಂಜಾನೆ ಕಡಲೆ ಹೊಲದಲ್ಲಿ ಅಡ್ಡಾಡಿದವರಿಗೆ ಮಾತ್ರ ಗೊತ್ತಿರುವ, ಹಲ್ಲಿನ ಬೇರಿಗೆ ಹತ್ತುವ ಹುಳಿ ಅದು. ಹೋದ ಜನವರಿಯಲ್ಲಿ ಮೇಲವಂಕಿಯ ಬಾಳವ್ವನ ಮನೆಯ ಪಡಸಾಲೆಯಲ್ಲಿ ಕೂತು ಆ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದಾಗ ನನಗೆ ಖುಷಿಯೇ ಆಗಿತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಐದು ನಿಮಿಷದ ನಂತರ ಆದದ್ದು ಬೇರೆ.

ನಾನು ಸಸ್ಯಶಾಸ್ತ್ರ ಕಲಿಸುವವಳು. ಗಿಡದ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತದೆ ಎನ್ನುವುದು ನನ್ನ ಸಂಶೋಧನೆ. ಗಿಡಕ್ಕೆ ನರವಿಲ್ಲ, ಬಾಯಿಲ್ಲ. ಆದರೂ ಒಂದು ಎಲೆಯನ್ನು ಹುಳು ಕಚ್ಚಿದರೆ ಆ ಎಲೆಯ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಅದರ ಅಲೆ ಕೋಶದಿಂದ ಕೋಶಕ್ಕೆ ದಾಟಿ ನಾಲ್ಕಾರು ನಿಮಿಷದಲ್ಲಿ ದೂರದ ಎಲೆಗೂ ತಲುಪುತ್ತದೆ. ಆಮೇಲೆ ಇಡೀ ಗಿಡ ಹುಳುವಿನ ಹೊಟ್ಟೆ ಕೆಡಿಸುವಂಥ ರಸವನ್ನು ಮೈತುಂಬ ಮಾಡಿಕೊಳ್ಳುತ್ತದೆ. ಕಚ್ಚಬೇಕೆಂದೂ ಇಲ್ಲ, ಮೇಲಿಂದ ಮೇಲೆ ಕೈಯಾಡಿಸಿದರೂ ಸಾಕು, ಗಿಡ ಎಚ್ಚರಾಗುತ್ತದೆ. ಇದೆಲ್ಲ ನನಗಿಂತ ಮೊದಲೇ ಕಂಡುಹಿಡಿದವರಿದ್ದರು. ನಾನು ಸೇರಿಸಿದ್ದು ಒಂದೇ ಮಾತು: ಹೊಲದಲ್ಲಿ ಬೆಳೆದ ಕಡಲೆ ಈ ಸುದ್ದಿಯನ್ನು ಮಗ್ಗುಲಿನ ಗಿಡಕ್ಕೂ ಮುಟ್ಟಿಸುತ್ತದೆ. ಆ ಒಂದು ಮಾತಿನ ಮೇಲೆ ನನ್ನ ಪಿಎಚ್‌ಡಿ ನಿಂತಿತ್ತು, ವಿಶ್ವವಿದ್ಯಾಲಯದ ಕೆಲಸ ನಿಂತಿತ್ತು, ನನ್ನ ಕೈಕೆಳಗಿನ ಹುಡುಗಿ ರೇಣುಕಾಳ ಪ್ರಬಂಧವೂ ನಿಂತಿತ್ತು. ಹಿಂದಿನಿಂದ ನನ್ನನ್ನು 'ಕಡಲೆ ಮೇಡಂ' ಅನ್ನುತ್ತಾರೆಂದು ಗೊತ್ತಿದ್ದೂ ನಾನು ಒಳಗೊಳಗೇ ಬೀಗುತ್ತಿದ್ದೆ. ಆ ಮಾತು ಹುಟ್ಟಿದ್ದು ಹನ್ನೆರಡು ವರ್ಷದ ಹಿಂದಿನ ಒಂದು ಹಿಂಗಾರಿಯಲ್ಲಿ, ಇದೇ ಬಾಳವ್ವನ ಹೊಲದಲ್ಲಿ.

ಆ ವರ್ಷ ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್‌ಡಿಗೆ ಧಾರವಾಡದಲ್ಲಿ ಹೆಸರು ಹಚ್ಚಿದ್ದೆ. ನನ್ನ ಗೈಡ್ ಸರ್ ಮಾತು ಕಮ್ಮಿ. "ಕುಂಡದಾಗಿನ ಗಿಡ ನಾವು ಕೇಳಿದ್ದಕ್ಕೆಲ್ಲ ಹೂಂ ಅಂತಾವು. ಹೊಲದಾಗ ಏನ್ ಅಂತಾವು ಕೇಳ್ಕೊಂಡ್ ಬಾ" ಅಂದುಬಿಟ್ಟರು. ನನಗೆಲ್ಲಿಯ ಹೊಲ? ಕಾಲೇಜಿನ ಜವಾನ ಮೇಲವಂಕಿಯವನು. ತನ್ನ ದೊಡ್ಡವ್ವ ಬಾಳವ್ವನ ಎರಡೆಕರೆ ಕಪ್ಪು ಎರಿ ಭೂಮಿಗೆ ಕರೆದುಕೊಂಡು ಹೋದ. ಬಾಳವ್ವ ಆಗಲೇ ಅರವತ್ತು ದಾಟಿದ ವಿಧವೆ, ಹಣೆ ತುಂಬ ವಿಭೂತಿ, ಗಟ್ಟಿ ದನಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಕಡ್ಲಿ ಮ್ಯಾಲ ಏನರ ಔಷಧ ಹೊಡಿತೀರೇನ್ರಿ ಅಕ್ಕಾರ?"

"ಏನೂ ಹೊಡಿಯಂಗಿಲ್ಲವ್ವ. ನೀನೂ ಹೊಡಿಬ್ಯಾಡ."

"ಹಂಗಾರ ಮಾಡ್ಕೋರಿ."

ಯಾಕೆ ಹಾಗೆ ಕೇಳಿದಳು ಎಂದು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹೊಲದಲ್ಲಿ ಮೂರು ಥರದ ಸಾಲು ಆರಿಸಿಕೊಂಡೆ. ಕೆಂಪು ಪಟ್ಟಿ ಕಟ್ಟಿದ ಸಾಲಿನ ಎಲೆಗಳನ್ನು ದಿನಾ ಮುಂಜಾನೆ ಚಿಮಟದಿಂದ ಹಿಚುಕಿ ಗಾಯ ಮಾಡುವುದು. ಅದರ ಮಗ್ಗುಲಲ್ಲೇ ಬಿಳಿ ಪಟ್ಟಿಯ ಸಾಲು, ಅದನ್ನು ಯಾರೂ ಮುಟ್ಟಬಾರದು. ಹೊಲದ ಆ ತುದಿಗೆ, ರಸ್ತೆ ಬದಿಯಲ್ಲಿ ನೀಲಿ ಪಟ್ಟಿಯ ಸಾಲು, ಅದನ್ನೂ ಮುಟ್ಟಬಾರದು. ಕೆಂಪಿನ ಸುದ್ದಿ ಬಿಳಿಗೆ ತಲುಪುವುದೇ ಆದರೆ ಬಿಳಿ ಸಾಲು ಗಾಯವಿಲ್ಲದೆಯೇ ಎಚ್ಚರಾಗಬೇಕು, ದೂರದ ನೀಲಿ ಸುಮ್ಮನಿರಬೇಕು. ಇಷ್ಟೇ ಪ್ರಯೋಗ. ಇದರ ಜೀವ ಇದ್ದದ್ದು ಬಿಳಿ ಸಾಲನ್ನು ಯಾರೂ ಮುಟ್ಟದಿರುವುದರಲ್ಲಿ. ನಮ್ಮ ಕಡೆ ಕಡಲೆ ಗೇಣುದ್ದ ಬಂತೆಂದರೆ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಪಲ್ಯಕ್ಕೆಂದು ಕುಡಿ ಚೂಟುತ್ತಾರೆ, ಚೂಟಿದಷ್ಟೂ ಗಿಡ ಹಬ್ಬುತ್ತದೆ ಅನ್ನುತ್ತಾರೆ. ಅದಕ್ಕೇ ಬಾಳವ್ವನನ್ನು ನಿಲ್ಲಿಸಿಕೊಂಡು ಹೇಳಿದೆ.

"ಈ ಬಿಳಿ ಪಟ್ಟಿಗೆ ಯಾರೂ ಕೈ ಹಚ್ಚಬಾರದವ್ವ. ಕುಡಿ ಚೂಟಬಾರದು, ಆಡು ಬಿಡಬಾರದು. ನಾನೂ ವಾರಕ್ಕೊಮ್ಮಿ ನಾಕ ಎಲಿ ತಗೋಳಾಕ ಅಷ್ಟ ಮುಟ್ಟತೇನಿ."

"ದೇವರ ಸಾಲು ಅನ್ರಿ ಹಂಗಾರ. ಮಡೀಲೆ ಇರಬೇಕು."

"ಹಂಗ ತಿಳಕೊ."

ನಕ್ಕೊಂತ ಹೇಳಿದ್ದೆ. ಮಾತು ಮುಗಿಯಿತು, ಕೆಲಸ ಹಗುರಾಯಿತು ಅಂದುಕೊಂಡಿದ್ದೆ.

ಕಾವಲು ಅಂದರೆ ಅದು ಕಾವಲು. ಓಣಿಯ ಹೆಂಗಸರು ಉಡಿ ಕಟ್ಟಿಕೊಂಡು ಕುಡಿ ಚೂಟಲು ಬಂದರೆ ಬಾಳವ್ವ ಬದುವಿನ ಮೇಲೆ ನಿಂತು ಬೈದು ಕಳಿಸುತ್ತಿದ್ದಳು. ಸ್ವಂತ ತಮ್ಮನ ಹೆಂಡತಿಯ ಜೊತೆ ಇದೇ ವಿಷಯಕ್ಕೆ ಒಂದು ತಿಂಗಳು ಮಾತು ಬಿಟ್ಟಿದ್ದಳು. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡ್ ಸರ್ ನಂತರದ ಹೆಸರು ಅವಳದೇ: ಇವರ ಕಣ್ಗಾವಲಿಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ ಎಂದು ಬರೆದಿದ್ದೇನೆ. ಆ ಮಾತು ಈಗ ಓದಿದರೆ ಮೈಯೆಲ್ಲ ಬಿಸಿಯಾಗುತ್ತದೆ.

ಗೋಕಾಕದಿಂದ ಮೊದಲನೇ ಬಸ್ಸು ಹಿಡಿದು, ಇಳಿದು ನಡೆದು ಹೊಲ ಸೇರುವಷ್ಟರಲ್ಲಿ ಎಂಟು ಹೊಡೆಯುತ್ತಿತ್ತು. ಆ ವರ್ಷದ ಚಳಿ ಬೇರೆ. ಎರಿ ಭೂಮಿಯಿಂದ ಮಂಜು ಏಳುತ್ತಿತ್ತು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಧೂಳೆಬ್ಬಿಸಿ ಹೋಗುತ್ತಿದ್ದವು. ಕಡಲೆ ಗಿಡದ ಮೈಮೇಲಿನ ಸಣ್ಣ ಕೂದಲುಗಳಿಂದ ಹುಳಿ ಒಸರುತ್ತದೆ, ಅದು ಇಬ್ಬನಿಗೆ ಬೆರೆತು ಎಲೆಗಳ ಮೇಲೆ ಮಣಿ ಮಣಿಯಾಗಿ ನಿಂತಿರುತ್ತದೆ. ಮೊದಲ ವಾರವೇ ನನ್ನ ಕಾಲು ಸುಟ್ಟು ಕೆಂಪಗಾದವು. ಊರವರು ನನಗೆ 'ಕಡ್ಲಿಗೆ ಚೂಟಿ ಹಾಕೊ ಅಕ್ಕಾರು' ಎಂದು ಹೆಸರಿಟ್ಟಿದ್ದರು. ದಾರಿಯಲ್ಲಿ ಸಿಕ್ಕವರು "ಇವತ್ತ ಎಷ್ಟ ಗಿಡಾ ಅಳಸಿ ಬಂದ್ರಿ?" ಅಂತಿದ್ದರು. ನಾನೂ ಬಿಡುತ್ತಿರಲಿಲ್ಲ, "ನಿಮ್ಮ ಹೊಲಕ್ಕೂ ಬರತೇನಿ ತಡೀರಿ" ಅಂತಿದ್ದೆ.

ಒಂದು ಸಂಗತಿ ಡಿಸೆಂಬರಿನಲ್ಲಿ ಗಮನಕ್ಕೆ ಬಂತು. ಕೆಂಪು ಸಾಲು, ನೀಲಿ ಸಾಲು ಇಬ್ಬನಿಯಲ್ಲಿ ತೊಯ್ದು ಹೊಳೆಯುತ್ತಿದ್ದರೆ ಬಿಳಿ ಸಾಲಿನ ಎಲೆಗಳು ಎಂಟು ಗಂಟೆಗೇ ಒಣಗಿರುತ್ತಿದ್ದವು. ಒಂದು ದಿನವಲ್ಲ, ದಿನಾ. ಹುಳಿ ಅಳೆಯುವ ಕಾಗದ ಹಚ್ಚಿ ನೋಡಿದೆ, ಬಿಳಿ ಸಾಲಿನ ಎಲೆಯ ಮೇಲೆ ಹುಳಿಯೂ ಕಮ್ಮಿ. ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದೆ. ಸರ್‌ಗೆ ಫೋನ್ ಮಾಡಿದಾಗ ಮಾತು ಕಮ್ಮಿಯ ಆ ಮನುಷ್ಯ ಹತ್ತು ನಿಮಿಷ ಮಾತಾಡಿದರು. "ಹೊರಗಿನ ಹುಳಿ ಕಾವಲು ಬಿಟ್ಟು ಒಳಗಿನ ರಸದ ಕಾವಲು ಕಟ್ಟಾಕತ್ತಾವ ನೋಡು, ಬಾಜೂ ಗಿಡದ ಸುದ್ದಿ ಬಂದೈತಿ ಅವಕ್ಕ" ಅಂದರು. ಪ್ರಬಂಧದಲ್ಲಿ ಅದಕ್ಕೊಂದು ಚಿತ್ರ ಬರೆದೆವು, ಹೊರಗಿನಿಂದ ಒಳಗೆ ಹೋಗುವ ಒಂದು ಬಾಣ ಹಾಕಿ.

ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿ ಹತ್ತಿ ನನಗೆ ಆ ಹಂಗಾಮಿನಲ್ಲಿ ಹೊಟ್ಟೆನೋವು ಗಂಟುಬಿತ್ತು. ಒಂದು ಮುಂಜಾನೆ ಬದುವಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. ಬಾಳವ್ವ ಮನೆಗೆ ಕರೆದೊಯ್ದು, ಗೋಡೆಯ ಮಾಡದಲ್ಲಿದ್ದ ಒಂದು ಬಾಟಲಿಯಿಂದ ಎರಡು ಚಮಚ ಕಡಲೆ ಹುಳಿಯನ್ನು ನೀರಿಗೆ ಹಾಕಿ, ಚಿಟಿಕೆ ಉಪ್ಪು, ಅಜವಾನ ಬೆರೆಸಿ ಕುಡಿಸಿದಳು. ಅರ್ಧ ತಾಸಿನಲ್ಲಿ ನೋವು ಇಳಿಯಿತು. ಆಮೇಲೆ ಮೂರು ದಿನಕ್ಕೊಮ್ಮೆ ಅದು ನಡೆದೇ ಇತ್ತು. ಬಿಸಿ ರೊಟ್ಟಿ, ಕಡಲೆ ಕುಡಿಯ ಪಲ್ಯ, ಮೇಲೊಂದು ಚಮಚ ಹುಳಿ. ಸಂಕ್ರಾಂತಿ ಬರುವಷ್ಟರಲ್ಲಿ ಅಕ್ಕಾರ ಹೋಗಿ 'ನನ ಮಗಳ' ಆಗಿದ್ದೆ, ಬಹುವಚನವೂ ಹೋಗಿತ್ತು. ಕಡಲೆ ಹುಳಿಯನ್ನು ಹೇಗೆ ಹಿಡಿಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಸುಕಿನಲ್ಲಿ ತೊಳೆದ ಧೋತರವನ್ನು ಗಿಡಗಳ ಮೇಲೆ ಎಳೆದು, ಅದು ಹೀರಿದ ಇಬ್ಬನಿಯನ್ನು ಹಿಂಡಿಕೊಳ್ಳುತ್ತಾರೆ. ನಮ್ಮಜ್ಜಿಯೂ ಹಿಡಿದವಳೇ. ಆದರೆ ನಾನು ಕುಡಿಯುತ್ತಿದ್ದ ಹುಳಿ ಯಾವ ಹೊಲದ್ದು ಎಂದು ಕೇಳಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ.

ಫೆಬ್ರುವರಿಯಲ್ಲಿ ಬರ್ಫದ ಡಬ್ಬಿಯಲ್ಲಿ ಎಲೆಗಳನ್ನಿಟ್ಟುಕೊಂಡು ಧಾರವಾಡಕ್ಕೆ ಹೋದೆ. ಎರಡು ದಿನದ ಅಳತೆ. ಕೆಂಪು ಸಾಲಿನಲ್ಲಿ ಹುಳುವಿನ ಹೊಟ್ಟೆ ಕೆಡಿಸುವ ಆ ರಸ ಭರಪೂರ ಇತ್ತು. ನೀಲಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಬಿಳಿ ಸಾಲು ಕೆಂಪಿನ ಹೆಗಲಿಗೆ ಹೆಗಲು ಹಚ್ಚಿ ನಿಂತಿತ್ತು. ಸರ್ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು.

"ಯಾರೂ ಮುಟ್ಟಿಲ್ಲ, ಖರೆ?"

"ಖರೆ ಸರ್. ಯಾರೂ ಮುಟ್ಟಿಲ್ಲ."

ಮರುವರ್ಷ ಅದೇ ಹೊಲದಲ್ಲಿ ಇನ್ನೊಮ್ಮೆ ಮಾಡಿದೆ, ಅದೇ ಉತ್ತರ ಬಂತು. ಅಚ್ಚಿಗೆ ಕಳಿಸಿದಾಗ ಪರಿಶೀಲಕರೊಬ್ಬರು ಅದೇ ಪ್ರಶ್ನೆ ಎತ್ತಿದರು. ನನಗೆ ಸಿಟ್ಟು ಬಂತು. ಹಳ್ಳಿಯ ಹೊಲ ಎಂದರೆ ಇವರಿಗೆ ಅನುಮಾನ ಅಂದುಕೊಂಡು ಒಂದೇ ವಾಕ್ಯ ಬರೆದು ಕಳಿಸಿದೆ: ಆ ಸಾಲುಗಳನ್ನು ಇಡೀ ಹಂಗಾಮಿನಲ್ಲಿ ಮಾದರಿ ತೆಗೆಯುವುದಕ್ಕಲ್ಲದೆ ಯಾರೂ ಮುಟ್ಟಿಲ್ಲ. ಪ್ರಬಂಧ ಅಚ್ಚಾಯಿತು. ಕೆಲಸ ಸಿಕ್ಕಿತು. ಹುಕ್ಕೇರಿಗೆ ಸೊಸೆಯಾಗಿ ಹೋದೆ. ವಿಮಾನ ಹತ್ತಿ ಎರಡು ಸಲ ಹೊರದೇಶಕ್ಕೆ ಹೋಗಿ ಆ ಬಾಣದ ಚಿತ್ರ ತೋರಿಸಿ ಬಂದೆ.

ರೇಣುಕಾ ನನ್ನ ಹತ್ತಿರ ಬಂದದ್ದು ನಾಲ್ಕು ವರ್ಷದ ಹಿಂದೆ. ಮೂಡಲಗಿಯವಳು, ಕುರಿ ಸಾಕುವ ಮನೆತನ. ಅವರ ಮನೆಯಲ್ಲಿ ಪದವಿ ಮುಗಿಸಿದ ಮೊದಲ ಹುಡುಗಿ. ಬಿಳಿ ಸಾಲಿಗೆ ಸುದ್ದಿ ಹೋಗುವುದು ಗಾಳಿಯಿಂದಲೋ ಬೇರಿನಿಂದಲೋ ಎನ್ನುವುದು ಅವಳ ವಿಷಯ. ಅದಕ್ಕೆ ಮೊದಲು ನನ್ನ ಪ್ರಯೋಗವನ್ನು ಅವಳು ಮಾಡಿ ತೋರಿಸಬೇಕಲ್ಲ. ಮೂಡಲಗಿ ಹತ್ತಿರ ಒಂದು ಹೊಲ ಹಿಡಿದು ಮಾಡಿದಳು. ಬಿಳಿ ಸಾಲು ಸುಮ್ಮನಿತ್ತು. "ನಿನ್ನ ಕೈ ಸರಿ ಇಲ್ಲ" ಅಂದೆ. ಎರಡನೇ ವರ್ಷವೂ ಬಿಳಿ ಸಾಲು ಸುಮ್ಮನೇ ಇತ್ತು. ಆ ಸಲ ಇಡೀ ಲ್ಯಾಬಿನ ಎದುರು ಬೈದೆ. "ಇದು ಕುರಿ ಕಾಯೋ ಕೆಲಸ ಅಲ್ಲವ್ವಾ, ಎಚ್ಚರ ಇರಬೇಕು" ಅಂದೆ. ಹೌದು, ನಾನು ಆ ಮಾತು ಅಂದಿದ್ದೇನೆ. ಅವಳು ಕಣ್ಣು ಕೆಳಗೆ ಮಾಡಿ "ಮತ್ತೊಮ್ಮಿ ಮಾಡತೇನ್ರಿ ಮೇಡಂ" ಅಂದಳು. ಮೂರನೇ ವರ್ಷ ಬಿಳಿ ಸಾಲು ಕೆಂಪಿನ ಹೆಗಲಿಗೆ ಹೆಗಲು ಹಚ್ಚಿ ಬಂತು. ನಾನು ಇಡೀ ವಿಭಾಗಕ್ಕೆ ಪೇಡಾ ಹಂಚಿದೆ.

ಆ ಖುಷಿಯಲ್ಲೇ ಹೋದ ಜನವರಿಯಲ್ಲಿ ಗೋಕಾಕದಲ್ಲಿ ಇಳಿದು, ಬಾಳವ್ವನಿಗೊಂದು ಸೀರೆ, ಒಂದು ಡಬ್ಬಿ ಕರದಂಟು ತೆಗೆದುಕೊಂಡು ಮೇಲವಂಕಿಗೆ ಹೋದದ್ದು. ಬಾಳವ್ವನ ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಸೊಸೆ ಚಹಾ ತಂದಳು. ನನ್ನ ಹೊಟ್ಟೆನೋವಿನ ಸುದ್ದಿ ತೆಗೆದು ಬಾಳವ್ವ ನಕ್ಕಳು. ಮಾಡಕ್ಕೆ ಕೈ ಹಾಕಿ, ಹಿಂದಿನಿಂದ ಒಂದು ಹಳೆ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟಳು. ಒಳಗೆ ಚಹಾದ ಡಿಕಾಕ್ಷನ್ನಿನಂತೆ ಕಪ್ಪಗಾದ ಹುಳಿ, ತಳದಲ್ಲಿ ನಾಲ್ಕು ಬೆರಳಿನಷ್ಟು. ಬೂಚು ತೆಗೆದೆ. ಮೂಗಿಗೆ ಹಿಡಿದೆ.

"ಹಳೇದಾದಷ್ಟೂ ಗುಣಾ ಜಾಸ್ತಿ" ಅಂದಳು. "ತಗೊಂಡ್ ಹೋಗು. ನಿಂದ ಐತಿ ಅದು."

"ನಂದ್ಯಾಕವ್ವ?"

"ನೀ ಬರತಿದ್ದೆಲ್ಲ ಆ ವರ್ಷದ್ದು. ನಿನ್ನ ಬಿಳಿ ಪಟ್ಟಿ ಸಾಲಿಂದು."

ನಾನು ಬಾಟಲಿ ಕೆಳಗಿಟ್ಟೆನೋ ಹಿಡಿದೇ ಇದ್ದೆನೋ ನೆನಪಿಲ್ಲ.

"ಬಾಳವ್ವ. ಆ ಸಾಲಿಗೆ ಕೈ ಹಚ್ಚಬಾರದು ಅಂದಿದ್ನಲ್ಲ."

"ಎಲ್ಲಿ ಹಚ್ಚೀನಿ? ಆಣಿ ಮಾಡತೇನಿ ಬೇಕಾದ್ರ, ಒಂದ ಬೆರಳ ತಾಗಿಸಿಲ್ಲ. ಅರಿವಿ ಎಳದೀನಿ ಅಷ್ಟ. ತೊಳದ ಮಡಿ ಧೋತರ."

"ದಿನಾ?"

"ದಿನಾನ ಎಳೀಬೇಕಲ್ಲ. ಒಂದ ದಿನದ್ದ ಎಷ್ಟ ಬರತೈತಿ? ಹೊತ್ತ ಹುಟ್ಟೋದರೊಳಗ, ಎರಡೆರಡ ಸರ್ತಿ."

"ಅದೇ ಸಾಲು ಯಾಕ?"

ಈಗ ಅವಳಿಗೆ ನನ್ನ ಬುದ್ಧಿಯ ಮೇಲೆ ಅನುಮಾನ ಬಂತು. ಸಣ್ಣ ಹುಡುಗಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಔಷಧಕ್ಕೆ ಹುಳಿ ಹಿಡಿಯಬೇಕಾದರೆ ಯಾರೂ ಮುಟ್ಟದ, ಚೂಟದ, ಆಡು ಬಾಯಿ ಹಾಕದ ಗಿಡವೇ ಆಗಬೇಕು. ಊರಲ್ಲಿ ಅಂಥ ಹೊಲ ಎಲ್ಲಿ ಸಿಗುತ್ತದೆ? ಪ್ರತಿವರ್ಷ ಅವಳು ಹುಡುಕಾಡುತ್ತಿದ್ದಳಂತೆ. ಕೆಂಪು ಸಾಲನ್ನು ನಾನು ಹಿಚುಕಿ ಕೆಡಿಸಿದ್ದೆ. ನೀಲಿ ಸಾಲಿನ ಮೇಲೆ ಟ್ರ್ಯಾಕ್ಟರಿನ ಧೂಳು. ಬಿಳಿ ಸಾಲು ಒಂದೇ ಮಡಿಯಾಗಿತ್ತು, ಅದೂ ಓದಿದ ಅಕ್ಕಾರು ಬಂದು ಪಟ್ಟಿ ಕಟ್ಟಿ ಮಡಿ ಮಾಡಿಕೊಟ್ಟದ್ದು. ಊರಿನ ಎಷ್ಟು ಬಾಣಂತಿಯರು, ಎಷ್ಟು ಕೂಸುಗಳು ಆ ಎರಡು ವರ್ಷದ ಹುಳಿ ಕುಡಿದು ಆರಾಮಾದವೆಂದು ಹೆಸರು ಹಿಡಿದು ಹೇಳಿದಳು.

"ಮತ್ತ ನನಗ ಒಂದ ಮಾತು ಹೇಳಬಾರದೇನು?"

"ಔಷಧ ಹಿಡಿಯೋರು ಎಲ್ಲೀದು ಅಂತ ಹೇಳಬಾರದವ್ವ, ಗುಣಾ ಹೋಗತೈತಿ. ಮಾತಾಡದನ ಹಿಡಿಬೇಕು, ಯಾರ ಕಣ್ಣಿಗೂ ಬೀಳಬಾರದು. ಈಗ ನನ್ನ ಕೈಲೆ ಆಗಂಗಿಲ್ಲ, ಸೊಸಿಗೆ ಒಪ್ಪಿಸೇನಿ. ಇನ್ನ ನಾ ಹೇಳಬಹುದು." ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗಿ, "ಯಾಕ ನನ ಮಗಳ, ನೀನೂ ಅದನ್ನ ಕುಡದಿಯಲ್ಲ. ನಿನಗೇನ ಕೆಟ್ಟ ಆತು?" ಅಂದಳು.

ಕುಡಿದಿದ್ದೆ. ನನ್ನ ಪ್ರಯೋಗ ಕೆಟ್ಟದ್ದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಎರಡು ಹಂಗಾಮು ಉಪ್ಪು ಅಜವಾನ ಬೆರೆಸಿ ನಾನೇ ಕುಡಿದಿದ್ದೆ. ಬಿಳಿ ಸಾಲು ಒಣಗಿರುತ್ತಿದ್ದದ್ದು ಧೋತರದಿಂದ. ಹುಳಿ ಕಮ್ಮಿ ಇದ್ದದ್ದು ಧೋತರದಿಂದ. ದಿನಾ ಎರಡೆರಡು ಸಲ ಬಟ್ಟೆ ಉಜ್ಜಿದರೆ ಯಾವ ಗಿಡ ಎಚ್ಚರಾಗುವುದಿಲ್ಲ? ಮಗ್ಗುಲ ಗಿಡ ಅದಕ್ಕೆ ಏನೂ ಹೇಳಿರಲಿಲ್ಲ. ಬಾಳವ್ವನ ಮೇಲೆ ಸಿಟ್ಟು ಮಾಡಲು ನೋಡಿದೆ, ಸಿಟ್ಟಿಗೆ ಹಿಡಿಯಲು ಜಾಗವಿರಲಿಲ್ಲ. ನಾನು ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಸೀರೆ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಎದ್ದೆ.

ಮೊದಲು ನನಗೆ ಬಂದದ್ದು ಕೆಟ್ಟ ಆಲೋಚನೆಯೇ, ಅದನ್ನು ಮುಚ್ಚಿಡುವುದಿಲ್ಲ. ಬಾಳವ್ವನಿಗೆ ತಾನು ಹೇಳಿದ್ದರ ಅರ್ಥವೇ ಗೊತ್ತಿಲ್ಲ, ಇನ್ನು ಯಾರಿಗೆ ಗೊತ್ತಾಗುತ್ತದೆ? ಹುಕ್ಕೇರಿ ಮುಟ್ಟುವ ತನಕ ಬಸ್ಸಿನಲ್ಲಿ ಇದನ್ನೇ ಮಗ್ಗಿಯಂತೆ ಹೇಳಿಕೊಂಡೆ. ಮನೆಯಲ್ಲಿ ಅಟ್ಟದ ಟ್ರಂಕು ಇಳಿಸಿ ಹಳೆ ನೋಟ್‌ಬುಕ್ಕು ತೆಗೆದೆ. ಎರಡು ಗೆರೆ ಎಳೆದ ಆ ಸಾಲು ಹಾಗೇ ಇತ್ತು: ಬಿಳಿ ಪಟ್ಟಿ, ಎಂಟು ಗಂಟೆ, ಇಬ್ಬನಿ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ, ಹನ್ನೆರಡು ವರ್ಷ ನಾನು ಅಂಗೈ ನೋಡಿಕೊಂಡಿರಲಿಲ್ಲ ಅಷ್ಟೇ. ನನ್ನ ಗಂಡ ಮಹಾಂತೇಶ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಎಲ್ಲ ಕೇಳಿ, "ಯಾರಿಗೆ ಗೊತ್ತಾಗತೈತಿ ಬಿಡು. ಮತ್ತ ರೇಣುಕಾಂದು ಸೈತ ಹಂಗ ಬಂದೈತೆಲ್ಲ, ಅಂದಮ್ಯಾಲ ನಿಂದ ಖರೇನ ಇರಬೇಕು" ಅಂದರು.

ನನಗೆ ಸಮಾಧಾನ ಆಗಲೆಂದು ಆಡಿದ ಮಾತು ಅದು. ನನ್ನ ಕೈ ನೋಟ್‌ಬುಕ್ಕಿನ ಮೇಲೆ ಹಾಗೇ ನಿಂತುಬಿಟ್ಟಿತು. ರೇಣುಕಾಳ ಹೊಲದಲ್ಲಿ ಬಾಳವ್ವನಿರಲಿಲ್ಲ. ಹೊಲದ ಸುತ್ತ ಜಾಳಿಗೆ ಬೇಲಿ, ಕೀಲಿ. ಎರಡು ವರ್ಷ ಬಿಳಿ ಸಾಲು ಸುಮ್ಮನಿದ್ದದ್ದು ಅದಕ್ಕೇ. ಹಾಗಿದ್ದರೆ ಮೂರನೇ ವರ್ಷ ಅಲ್ಲಿ ಧೋತರ ಎಳೆದವರು ಯಾರು?

ಮರುದಿನ ಭಾನುವಾರ. ಮೊದಲ ಬಸ್ಸಿಗೇ ಮೂಡಲಗಿಗೆ ಹೊರಟೆ. ರೇಣುಕಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳವ್ವ ಕಂಬಳಿ ಹಾಸಿ, "ಬರ್ರಿ ಬರ್ರಿ, ಮೇಡಮ್ಮಾರು ಬಂದಾರ" ಎಂದು ಮಜ್ಜಿಗೆ ತರಲು ಒಳಗೆ ಹೋದಳು. ರೇಣುಕಾ ನನ್ನನ್ನು ನೋಡಿ ಎದ್ದು ನಿಂತಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬಾಯಿ ಬಿಡುವ ಮೊದಲೇ ಅವಳ ಮುಖ ಎಲ್ಲ ಹೇಳಿಬಿಟ್ಟಿತ್ತು.

"ಕೆಂಪು ಸಾಲಿನ ಎಲಿ ಬಿಳಿ ಚೀಲದಾಗ ಹಾಕಿದ್ನಿರಿ" ಅಂದಳು. ದನಿ ನಡುಗಲಿಲ್ಲ. "ಎರಡ ವರ್ಷ ಖರೇದ ತಂದ್ನಿ, ಕೈ ಸರಿ ಇಲ್ಲ ಅಂದ್ರಿ. ಕುರಿ ಕಾಯೋ ಮಾತ ತಗದ್ರಿ. ಮೂರನೇ ವರ್ಷ ಸುಳ್ಳ ತಂದ್ನಿ, ಪೇಡಾ ಹಂಚಿದ್ರಿ."

ನನ್ನ ಬದುಕಿನಲ್ಲಿ ಯಾರೂ ನನ್ನ ಕೆನ್ನೆಗೆ ಹೊಡೆದಿಲ್ಲ. ಹೊಡೆದರೆ ಹೇಗಿರುತ್ತದೆಂದು ಅವತ್ತು ಗೊತ್ತಾಯಿತು. ಬೈಯಬೇಕಾದವಳು ನಾನು. ಎಲೆ ಅದಲು ಬದಲು ಮಾಡುವುದು ನಮ್ಮ ಕಸುಬಿನಲ್ಲಿ ಕ್ಷಮೆಯಿಲ್ಲದ ಕೆಲಸ. ಆದರೆ ಆ ಕೆಲಸವನ್ನು ಅವಳ ಕೈಯಿಂದ ಮಾಡಿಸಿದವಳೂ ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಹೆಗ್ಗಣವನ್ನು ಮುದ್ದು ಎಂದು ಒಪ್ಪುವ ತನಕ ಈ ಹುಡುಗಿಯನ್ನು ಬಿಟ್ಟಿರಲಿಲ್ಲ ನಾನು.

ಚೀಲದಿಂದ ಬಾಟಲಿ ತೆಗೆದು ಒಲೆಯ ಪಕ್ಕ ಇಟ್ಟು, ಬಾಳವ್ವನ ಕಥೆ ಹೇಳಿದೆ. ಅವಳಿಗೆ ಒಮ್ಮೆಲೇ ತಿಳಿಯಲಿಲ್ಲ. "ಅರಿವೀರಿ?" ಅಂದಳು. "ದಿನಾ?" ಅಂದಳು. ನಾನು ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದಳು. ಆಮೇಲೆ ಗೋಡೆಗೆ ಒರಗಿ ಕೂತು ನಗತೊಡಗಿದಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಹತ್ತಿತೋ ಗೊತ್ತಾಗಲಿಲ್ಲ. ಮಜ್ಜಿಗೆ ಹಿಡಿದು ಬಂದ ಅವಳವ್ವ, "ಏನಾತ್ರಿ, ಪಾಸ್ ಆದ್ಳೊ ನಪಾಸ್ ಆದ್ಳೊ?" ಎಂದು ನನ್ನ ಮುಖ ಅವಳ ಮುಖ ನೋಡಿದಳು.

"ನಾ ನಪಾಸ್ ಆಗೇನ್ರಿ ಯವ್ವಾ" ಅಂದೆ. "ಆಕಿ ಎರಡ ವರ್ಷ ಪಾಸ್, ಒಂದ ವರ್ಷ ನಪಾಸ್."

ಅವತ್ತೇ ಅವರ ಪಡಸಾಲೆಯಲ್ಲಿ ಕೂತು ಇಬ್ಬರೂ ಒಂದೊಂದು ಪತ್ರ ಬರೆದೆವು. ನನ್ನದು ಪ್ರಬಂಧ ಅಚ್ಚು ಹಾಕಿದ್ದ ಪತ್ರಿಕೆಗೆ. ಬಿಳಿ ಸಾಲನ್ನು ಯಾರೂ ಮುಟ್ಟಿಲ್ಲ ಎಂಬ ನನ್ನ ವಾಕ್ಯ ಸುಳ್ಳು, ಪ್ರಬಂಧ ವಾಪಸ್ ಪಡೆಯುತ್ತೇನೆ ಎಂದು. ಅವಳದು ವಿಭಾಗಕ್ಕೆ. ಅದರ ಕೆಳಗೆ, ಎರಡು ವರ್ಷದ ಸತ್ಯವನ್ನು ತಳ್ಳಿಹಾಕಿ ಈ ಸುಳ್ಳಿಗೆ ದೂಡಿದವಳು ನಾನು ಎಂದು ನಾನೇ ಬರೆದು ಸಹಿ ಹಾಕಿದೆ. ಧಾರವಾಡದ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಅವರು ಎಲ್ಲ ಕೇಳಿಸಿಕೊಂಡರು. ಕಡೆಗೆ "ಆ ಬಾಣ ನಾನ ಹಾಕಿಸಿದ್ನೆಲ್ಲ" ಎಂದು ಫೋನ್ ಇಟ್ಟುಬಿಟ್ಟರು.

ಮುಂದಿನದು ಸುಖದ ಕಥೆಯಲ್ಲ. ಪ್ರಬಂಧ ಹೋಯಿತು. ಪ್ರೊಫೆಸರ್ ಹುದ್ದೆಗೆ ಹಾಕಿದ್ದ ಅರ್ಜಿಯನ್ನು ನಾನೇ ವಾಪಸ್ ತೆಗೆದುಕೊಂಡೆ, ವಿಶ್ವವಿದ್ಯಾಲಯದವರು ತಳ್ಳಿಹಾಕುವ ಮೊದಲೇ. ಕಡಲೆ ಮೇಡಂ ಎಂಬ ಹೆಸರು ಈಗಲೂ ಇದೆ, ಅನ್ನುವಾಗಿನ ದನಿ ಬೇರೆ. ರೇಣುಕಾಳಿಗೆ ವಿಭಾಗದವರು ಎಚ್ಚರಿಕೆ ಕೊಟ್ಟು, ಕೆಲಸ ಮತ್ತೆ ಮಾಡಲು ಫೆಲೋಶಿಪ್ ಇಲ್ಲದ ಒಂದು ವರ್ಷ ಕೊಟ್ಟರು. ಗೈಡ್ ಬದಲಿಸಬಹುದೆಂದೂ ಹೇಳಿದರು. ಅವಳು ಬದಲಿಸಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಇವತ್ತಿಗೂ ಇಲ್ಲ.

ಈ ಡಿಸೆಂಬರಿನಲ್ಲಿ ಮತ್ತೆ ಮೇಲವಂಕಿಯ ಅದೇ ಹೊಲ. ಸುದ್ದಿ ಮಗ್ಗುಲಿಗೆ ಹೋಗುತ್ತದೋ ಇಲ್ಲವೋ ಎನ್ನುವುದನ್ನು ಮೊದಲಿನಿಂದ ಕೇಳಬೇಕು, ಧೋತರ ಎಳೆದ ಸಾಲನ್ನೂ ಬೇರೆಯಾಗಿ ಇಡಬೇಕು. ಹಾಗಾಗಿ ಈಗ ನಾಲ್ಕು ಪಟ್ಟಿ. ಹಳದಿ ಪಟ್ಟಿ ಬಾಳವ್ವನ ಮನೆಯ ಹುಳಿಗೆ. ಈ ಸಲ ನಾವಿಬ್ಬರೂ ಹಿಂದಿನ ದಿನವೇ ಬಂದು ಅವಳ ಮನೆಯಲ್ಲೇ ಮಲಗಿದ್ದೆವು. ನಸುಕಿಗೆ ಎದ್ದು ಹೊರಟಾಗ ಮಂಜು ಸೊಂಟದ ತನಕ ಇತ್ತು. ಬಾಳವ್ವ ಕಂಬಳಿ ಹೊದ್ದು ಬದುವಿನ ಮೇಲೆ ಕೂತಳು. ಸೊಸೆ ಮಡಿ ಧೋತರ ತಂದು, ಬಾಯಿ ಬಿಡದೆ, ಹಳದಿ ಸಾಲಿನ ತುದಿಗೆ ಹೋಗಿ ನಿಂತಳು. ರೇಣುಕಾ ಹೊಸ ನೋಟ್‌ಬುಕ್ಕು ತೆರೆದು ನಾಲ್ಕು ಬಣ್ಣದ ಹೆಸರು ಬರೆದಳು. ಬರೆದವಳು ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದಳು. ವ್ಯಂಗ್ಯವಿರಲಿಲ್ಲ ಅದರಲ್ಲಿ, ನಿಜವಾಗಿ ಕೇಳಿದಳು, ನಾಲ್ಕು ವರ್ಷದ ರೂಢಿಯಂತೆ.

"ಈ ಸಲ ಏನ್ ಬರಬೇಕ್ರಿ ಮೇಡಂ?"

ಹುಳಿಯ ವಾಸನೆ ಮೂಗಿಗೆ ಹತ್ತಿತು. ಇಷ್ಟು ವರ್ಷ ಎಷ್ಟು ಹುಡುಗ ಹುಡುಗಿಯರಿಗೆ ಈ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದೆ.

"ನನಗ ಗೊತ್ತಿಲ್ಲವ್ವಾ" ಅಂದೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆದಳು.